ಕುದುರೆಗೆ ಹೇಳಿದ ಮಾತು

ಬ್ಯಾಂಕಿನ ವರ್ಗಾವಣೆಯಿಂದ ನಾವು ತೇಣಿಗೆ ಬಂದು ಎರಡನೆಯ ವರ್ಷ. ಊರಿನಿಂದ ಬಂದಿದ್ದ ಅಜ್ಜ ಮನೆಯೆದುರಿನ ರಸ್ತೆ ದಾಟುವಾಗ ಲಾರಿ ಬಡಿದು ತೀರಿಕೊಂಡರು. ಅದನ್ನು ಕಣ್ಣಾರೆ ಕಂಡವಳು ಒಂಬತ್ತು ವರ್ಷದ ನಮ್ಮ ಮಗಳು.

ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ರಾತ್ರಿ ಬೆಚ್ಚಿ ಏಳುತ್ತಿದ್ದಳು. ಹಾರನ್ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಮಕ್ಕಳಲ್ಲವೇ, ಮರೆಯುತ್ತಾರೆ" ಎಂದರು ನೆಂಟರು. ನಾವೂ ಹಾಗೆಯೇ ನಂಬಿ ಮೂರು ತಿಂಗಳು ಕಳೆದೆವು. ಅದು ನಮ್ಮ ತಪ್ಪು. ಕೊನೆಗೆ ಮನೋವೈದ್ಯರ ಬಳಿ ಹೋದೆವು. ಅವರ ಮುಂದೆಯೂ ಅವಳು ಬಾಯಿ ಬಿಡಲಿಲ್ಲ.

ದಾರಿಬದಿಯ ಅಯ್ಯನಾರ್ ಗುಡಿಗಳ ಮಣ್ಣಿನ ಕುದುರೆಗಳನ್ನು ಮಾತ್ರ ಅವಳು ಬಸ್ಸಿನ ಕಿಟಕಿಯಿಂದ ಕಣ್ಣರಳಿಸಿ ನೋಡುತ್ತಿದ್ದಳು. ಅದಕ್ಕೇ ಬೇಸಿಗೆ ರಜೆಯಲ್ಲಿ ಪೆರಿಯಕುಳಂ ದಾಟಿ ಕೊಡೈಕೆನಾಲಿಗೆ ಕರೆದೊಯ್ದೆವು. 1863ರಲ್ಲಿ ನಿರ್ಮಿಸಿದ ಅಲ್ಲಿನ ಕೆರೆಯ ಬಳಿ ಬಾಡಿಗೆ ಕುದುರೆಗಳಿರುತ್ತವೆ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತಾಗಿರುವ ಕುಟುಂಬಗಳಿವೆ. ನಮಗೆ ಸಿಕ್ಕ ಕುದುರೆಯಾತ ಅಂಥವರಲ್ಲೊಬ್ಬ. "ಈಗಲೇ ಹತ್ತಬೇಡ ಮಗಾ. ಮೊದಲು ಕತ್ತು ಸವರು, ಅದೂ ನಿನ್ನ ನೋಡಲಿ" ಎಂದ.

ಅವಳು ಕುದುರೆಯ ಕತ್ತಿಗೆ ಮುಖವಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಪಿಸುಗುಟ್ಟಿದ್ದು ಹಿಂದೆ ನಿಂತಿದ್ದ ನಮಗೂ ಕೇಳಿಸಿತು: "ನಾನು 'ಅಜ್ಜಾ' ಅಂತ ಕರೆದೆ. ಅದಕ್ಕೇ ಅಜ್ಜ ತಿರುಗಿ ನೋಡಿದ್ದು."

ಇಷ್ಟು ದಿನ ಆ ಪುಟ್ಟ ಎದೆ ಹೊತ್ತಿದ್ದ ಭಾರ ಅದು!

ವೈದ್ಯರಿಗೆ ಇದನ್ನು ತಿಳಿಸಿದಾಗ ಅವರು ವಿವರಿಸಿದರು: ಕುದುರೆ ಬೇಟೆಗೆ ಬಲಿಯಾಗುವ ಜಾತಿಯ ಪ್ರಾಣಿ, ಎದುರಿದ್ದವರ ಅಂಜಿಕೆ, ಬಿಗಿತ ಅದಕ್ಕೆ ಬೇಗ ತಿಳಿಯುತ್ತದೆ. ಅದನ್ನು ಶಾಂತಗೊಳಿಸಲು ಹೋದವರು ತಾವೇ ಶಾಂತರಾಗುತ್ತಾರೆ. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದ ಮೇಲೆ ಇಂಥ ಚಿಕಿತ್ಸೆ ಹಲವು ದೇಶಗಳಲ್ಲಿ ಬೆಳೆಯಿತು. ಆದರೆ ಬಾಡಿಗೆ ಸವಾರಿಯೇ ಚಿಕಿತ್ಸೆಯಲ್ಲ. ತರಬೇತಾದವರು ಜೊತೆಗಿರಬೇಕು, ವೈದ್ಯರನ್ನೂ ಬಿಡಬಾರದು ಎಂದು ಎಚ್ಚರಿಸಿದರು.

ಮುಂದಿನ ತಿಂಗಳುಗಳಲ್ಲಿ ವೈದ್ಯರ ಸಹಾಯದಿಂದ ಅವಳು ನಿಧಾನವಾಗಿ ಚೇತರಿಸಿಕೊಂಡಳು. "ತಪ್ಪು ನಿನ್ನದಲ್ಲ" ಎಂಬ ಮಾತನ್ನು ನಾವು ನೂರು ಸಲ ಹೇಳಬೇಕಾಯಿತು.

ಪ್ರಿಯ ಓದುಗರೇ, ಮಗು ನಮಗೆ ಹೇಳದ್ದನ್ನು ಕುದುರೆಗೆ ಏಕೆ ಹೇಳಿತು? ಕುದುರೆ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ, ಗಡಿಯಾರ ನೋಡಲಿಲ್ಲ. ಈಗ ನಮ್ಮ ಮನೆಯಲ್ಲಿ ಸಂಜೆಯ ಜಪಸರವಾದ ಮೇಲೆ ಟಿ.ವಿ. ಹಚ್ಚುವುದಿಲ್ಲ. ಅವಳ ಪಕ್ಕದಲ್ಲಿ ಸುಮ್ಮನೆ ಕೂರುತ್ತೇವೆ. ಕೆಲವು ದಿನ ಅವಳು ಮಾತಾಡುತ್ತಾಳೆ, ಕೆಲವು ದಿನ ಇಲ್ಲ.