ವೇಷ ಕಳಚಿದರೂ ನಿಲ್ಲುವ ಹಾಡು

ಕುಂಬ್ರ ದಾಟಿ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಇವತ್ತು ‘ಏತಕೆ’ ಹಾಕಿದ್ರು. ಪಕ್ಕದ ಸೀಟಿನ ಹಿರಿಯರು, "ಇದು ನಮ್ಮ ಕಾಲದ್ದಲ್ವಾ ಮಾರಾಯ್ರೆ?" ಅಂತ ಕೇಳಿದ್ರು. ಅಲ್ಲ, 2019ರ ‘ಬೆಲ್ ಬಾಟಂ’ ಚಿತ್ರದ್ದು, ಅಜನೀಶ್ ಲೋಕನಾಥ್ ಸಂಗೀತ. ಕಥೆ 80ರ ದಶಕದ್ದು, ಹಾಗಾಗಿ ಹಾಡಿಗೂ ಅದೇ ವೇಷ.

ರೆಟ್ರೋ ಹಾಡು ಅಂದ್ರೆ ನನಗೆ ಸ್ವಲ್ಪ ಅನುಮಾನ. ಹೆಚ್ಚಿನವು ಹಳೆಯದನ್ನು ಗೇಲಿ ಮಾಡುತ್ತವೆ. ಇದು ಮಾಡುವುದಿಲ್ಲ. ವಾದ್ಯ ಎಲ್ಲ ಬಿಟ್ಟು ಬರೀ ಗುನುಗಿ ನೋಡಿ, ರಾಗ ನಿಲ್ತದೆ.

ತಕರಾರು ಒಂದುಂಟು. ಸದ್ದು ತುಂಬಾ ಚೊಕ್ಕ. ರಾಜ್‌ಕುಮಾರ್ ಸಿಐಡಿ 999 ಆದ ‘ಜೇಡರ ಬಲೆ’ (1968) ಕಾಲಕ್ಕೆ ವಾದ್ಯದವರೂ ಗಾಯಕರೂ ಒಟ್ಟಿಗೇ ಕೂತು ರೆಕಾರ್ಡ್ ಮಾಡುವುದು. ಆ ಚಿತ್ರಕ್ಕೆ ಸಂಗೀತ ಜಿ.ಕೆ. ವೆಂಕಟೇಶ್. ಅವರ ಸಹಾಯಕರಾಗಿದ್ದ ಇಳಯರಾಜ 1981ರಲ್ಲಿ ‘ಗೀತಾ’ ಮಾಡುವಾಗ ಸದ್ದೇ ಬೇರೆ. ನಾವು ಎರಡನ್ನೂ ‘ಓಲ್ಡ್ ಸಾಂಗ್ಸ್’ ಅಂತ ಒಂದೇ ಗೋಣಿಗೆ ತುಂಬಿಸಿಬಿಡ್ತೇವೆ!

ಅದರ ಮೇಲೆ ರೇಡಿಯೋದ ಗರಗರ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೂ ಕಡಬ ಕಡೆಯ ಗುಡ್ಡದ ಮನೆಗಳಲ್ಲಿ, ಅಡಿಕೆ ಸುಲಿಯುವ ಜಗಲಿಯಲ್ಲಿ, ಹಾಡು ಅರ್ಧ ಕೇಳ್ತಿತ್ತು, ಅರ್ಧ ನಾವೇ ಹಾಡಿಕೊಳ್ಳಬೇಕಿತ್ತು. ಆ ಗರಗರವನ್ನು ಯಾವ ಸ್ಟುಡಿಯೋದಲ್ಲಿ ಹಾಕ್ತಾರೆ? (ಹಾಕುವುದೂ ಬೇಡ, ಅದು ಇನ್ನೊಂದು ನಾಟಕ ಆಗ್ತದೆ.)

ಪುತ್ತೂರಿನವರೇ, ಯಾರ ಹತ್ತಿರವಾದ್ರೂ ‘ಗೀತಾ’ ಕ್ಯಾಸೆಟ್ ಉಂಟಾ? ಟೇಪ್ ರೆಕಾರ್ಡರ್ ನನ್ನ ಹತ್ತಿರ ಉಂಟು.