ಕಾರ್ಬೊರೇಟರ್ ಬಿಚ್ಚಿ ನೋಡಿದರೆ

ಹಳೇ ಮೋಟರ್ ಸೈಕಲ್ಲಿಗೆ ಈಗ ಭಾರಿ ಮರ್ಯಾದೆ ಬಂದಿದೆ. ಹಟ್ಟಿ ಮೂಲೆಯಲ್ಲಿ ಕೋಳಿ ಕೂರುತ್ತಿದ್ದ ಜಾವಾ, ಹಾಲಿನ ಕ್ಯಾನು ಗೊಬ್ಬರದ ಮೂಟೆ ಹೊತ್ತು ಹೊತ್ತು ಸೊಂಟ ಮುರಿದುಕೊಂಡ ಯೆಜ್ಡಿ, ಎಲ್ಲ ಇದ್ದಕ್ಕಿದ್ದಂತೆ ಪರಂಪರೆ ಆಗಿಬಿಟ್ಟಿವೆ. ಬಣ್ಣ ಹೊಡೆಸುತ್ತಾರೆ, ಕ್ರೋಮ್ ಹಾಕಿಸುತ್ತಾರೆ, ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಸಾಲಾಗಿ ಹೊರಡುತ್ತಾರೆ. ಹೊರಡಲಿ, ನಮಗೇನೂ ಹೊಟ್ಟೆಉರಿಯಿಲ್ಲ. ಆ ಗಾಡಿಗಳು ಉಸಿರಾಡೋದು ನಮ್ಮ ಕೈಯಿಂದ. ನಾವು ಮೈಸೂರಿನ ಒಂದು ಗಲ್ಲಿಯಲ್ಲಿ, ಮೂರು ಶೀಟಿನ ಕೆಳಗೆ ಕೂತು ಕಾರ್ಬೊರೇಟರ್ ತೊಳೆಯುವವರು.

ತೊಳೆಯುವವರು ಅಂದ ಕೂಡಲೇ ಮನಸ್ಸಿನಲ್ಲಿ ಒಂದು ಚಿತ್ರ ಬಂತಲ್ಲ ಗೆಳೆಯರೇ, ಅದರ ಬಗ್ಗೆಯೇ ಈ ಮಾತು. ಕೊಳೆ ತೆಗೆಯುವವನೂ ತಲೆ ಓಡಿಸುತ್ತಾನೆ ಅಂತ ಈ ದೇಶದಲ್ಲಿ ಸುಲಭಕ್ಕೆ ಯಾರೂ ಒಪ್ಪುವುದಿಲ್ಲ.

ಜಾವಾ ಜೆಕ್ ದೇಶದ ಗಾಡಿ. ಅಲ್ಲಿಯ ಪರವಾನಗಿ ಪಡೆದು 1961ರ ಹೊತ್ತಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಅಂತ ಹೆಸರಾಯಿತು. 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ನಿಂತರೂ ಅಲ್ಲಿ ದುಡಿದವರ ಕೈ ನಿಲ್ಲಲಿಲ್ಲ. ಕೆಲವರು ಊರಿನ ಗಲ್ಲಿಗಳಲ್ಲಿ ಗ್ಯಾರೇಜು ಹಾಕಿಕೊಂಡರು. ನಮ್ಮ ಮೇಸ್ತ್ರಿ ಅಂಥವರಲ್ಲಿ ಒಬ್ಬರು. ನಾವೆಲ್ಲ ಅವರ ಬೈಗುಳ ತಿಂದು ಕಲಿತವರು. ಕಬ್ಬಿಣಕ್ಕೊಂದು ಜಾತಿ, ಮಡಕೆಗೊಂದು ಜಾತಿ, ಚರ್ಮಕ್ಕೊಂದು ಜಾತಿ ಅಂತ ಹಂಚಿಟ್ಟವರಿಗೆ ಮುಂದೊಂದು ದಿನ ಕಾರ್ಬೊರೇಟರ್ ಬರುತ್ತೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಕೇರಿಯ ಹುಡುಗರು, ಮುಸ್ಲಿಮರ ಮನೆಯ ಹುಡುಗರು, ಎಸ್ಸೆಸ್ಸೆಲ್ಸಿ ಫೇಲಾಗಿ ಅಪ್ಪನಿಗೆ ಹೆದರಿ ಓಡಿಬಂದ ಗೌಡರ ಹುಡುಗ, ಎಲ್ಲ ಒಂದೇ ಪೆಟ್ರೋಲ್ ಟ್ರೇಗೆ ಕೈ ಹಾಕಿದ್ದೇವೆ.

ಕಾರ್ಬೊರೇಟರ್ ಅಂದರೆ ಏನು? ಮೇಷ್ಟ್ರುಗಳು ಕೇಳಿಸಿಕೊಳ್ಳಿ, ಹುಡುಗರಿಗೆ ಹೇಳಲು ಬರುತ್ತೆ. ಹಿಂದೆ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪು ನೆನಪಿದೆಯಾ? ಹಿಡಿ ಒತ್ತಿದರೆ ಗಾಳಿ ರಭಸವಾಗಿ ನುಗ್ಗುತ್ತೆ, ಡಬ್ಬಿಯ ಔಷಧಿ ಕೊಳವೆಯಲ್ಲಿ ಮೇಲೆದ್ದು ತುಂತುರಾಗುತ್ತೆ. ಇದೂ ಅದೇ. ಇಂಜಿನ್ ಗಾಳಿ ಎಳೆದುಕೊಳ್ಳುತ್ತೆ. ಆ ಗಾಳಿ ಕಿರಿದಾದ ಗಂಟಲಲ್ಲಿ ಹಾಯುವಾಗ ಓಟ ಹೆಚ್ಚುತ್ತೆ, ಒತ್ತಡ ಇಳಿಯುತ್ತೆ. ಕೆಳಗಿನ ಬೌಲಿನ ಪೆಟ್ರೋಲ್ ಜೆಟ್ಟಿನ ತೂತಿನಿಂದ ಮೇಲೇರಿ ಗಾಳಿಯಲ್ಲಿ ಬೆರೆಯುತ್ತೆ. ಬೌಲಿನಲ್ಲಿ ಪೆಟ್ರೋಲ್ ಎಷ್ಟಿರಬೇಕು ಅಂತ ನೋಡಿಕೊಳ್ಳೋದು ಫ್ಲೋಟು. ಎಕ್ಸಲೇಟರ್ ತಿರುಗಿಸಿದರೆ ಸ್ಲೈಡು ಏರುತ್ತೆ, ಅದರ ಜೊತೆ ಸೂಜಿಯೂ ಏರಿ ದಾರಿ ಬಿಡುತ್ತೆ. ಇಷ್ಟೇ. ಇಷ್ಟರಲ್ಲೇ ಎಲ್ಲ ತಕರಾರೂ ಇರೋದು.

ವರ್ಷಗಟ್ಟಲೆ ನಿಂತ ಗಾಡಿಯ ಜಿಕೋವ್ ಕಾರ್ಬೊರೇಟರ್ ಬಿಚ್ಚಿದರೆ ಮೊದಲು ಮೂಗಿಗೆ ಹೊಡೆಯೋದು ಹಳಸಿದ ವಾರ್ನಿಶ್ ವಾಸನೆ. ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಕಂದು ಬಣ್ಣಕ್ಕೆ ತಿರುಗಿ ಎಲ್ಲ ಸಂದಿಯಲ್ಲೂ ಕೂತಿರುತ್ತೆ. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆಯಬಾರದು. ನೆನೆಹಾಕಿ ಕಾಯಬೇಕು. ಜೆಟ್ಟು ಹಿತ್ತಾಳೆಯದು, ಮೆತ್ತಗಿನ ಲೋಹ. ಒಬ್ಬ ಅವಸರದವನು ಉಕ್ಕಿನ ತಂತಿ ತೂರಿಸಿದರೆ ಮುಗೀತು, ತೂತು ಅಗಲವಾಗುತ್ತೆ. ಮೇಲೆ ಕೆತ್ತಿದ ನಂಬರು ಮಾತ್ರ ಹಾಗೇ ಇರುತ್ತೆ. ಆಮೇಲೆ ಬಂದವನು ಆ ನಂಬರು ನಂಬಿ ಮೂರು ದಿನ ತಲೆ ಕೆಡಿಸಿಕೊಳ್ಳುತ್ತಾನೆ. ನಾವು ವೈರಿನ ಒಳಗಿನ ತಾಮ್ರದ ಒಂದೇ ಎಳೆ ತೆಗೆದು, ತಾಕಿತೋ ಇಲ್ಲವೋ ಅನ್ನುವ ಹಾಗೆ ಬಿಡುತ್ತೇವೆ. ಆಮೇಲೆ ಗಾಳಿ.

ಒಂದು ದಿನ ಕಾರಲ್ಲಿ ಬಂದ ಗಿರಾಕಿಯೊಬ್ಬರು, "ಬರೀ ತೊಳೆಯೋಕೆ ಇಷ್ಟು ದುಡ್ಡಾ?" ಅಂದರು. ಮೇಸ್ತ್ರಿ ಜೆಟ್ಟನ್ನು ಅವರ ಅಂಗೈಗೆ ಹಾಕಿ, "ತಗೊಳಿ ಸಾರ್, ಬೆಳಕಿಗೆ ಹಿಡ್ಕಂಡು ನೋಡಿ. ಆಕಾಶ ಕಾಣ್ತದಾ?" ಅಂದರು.

"ಏನೂ ಕಾಣ್ತಿಲ್ಲವಲ್ಲ."

"ತೂತು ದೊಡ್ಡದಾಗದಂಗೆ ಆಕಾಶ ಕಾಣ್ಸೋದು ಕಲಿಯಕ್ಕೆ ನಮ್ ಹುಡ್ಗಂಗೆ ಎರಡು ವರ್ಷ ಹಿಡೀತು ಸಾರ್."

ಗಿರಾಕಿ ದುಡ್ಡು ಕೊಟ್ಟರು. ಒಪ್ಪಿ ಕೊಟ್ಟರೋ ಬೇಜಾರಿನಿಂದ ಕೊಟ್ಟರೋ ಹೇಳೋಕಾಗಲ್ಲ.

ಹಳೇ ಹಿತ್ತಾಳೆ ಫ್ಲೋಟಿನಲ್ಲಿ ಕಣ್ಣಿಗೆ ಕಾಣದ ತೂತಿದ್ದರೆ ಪೆಟ್ರೋಲ್ ಒಳಗೆ ಸೇರಿ ಅದು ತೇಲುವುದಿಲ್ಲ, ಬೌಲು ಉಕ್ಕುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತೆ. ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಕಡೆಯೇ ತೂತು. ಒಳಗಿನ ಪೆಟ್ರೋಲ್ ಒಂದು ಹನಿಯೂ ಉಳಿಯದ ಹಾಗೆ ಹೊರಗೆ ಹಾಕಿಸಿಯೇ ಬೆಸುಗೆಗೆ ಕೈ ಹಾಕಬೇಕು, ಇಲ್ಲಾಂದ್ರೆ ಮುಖ ಸುಟ್ಟುಹೋಗುತ್ತೆ. ಬೆಸುಗೆ ಒಂದು ಚೂರು ಜಾಸ್ತಿಯಾದರೂ ಫ್ಲೋಟು ಭಾರವಾಗಿ ಪೆಟ್ರೋಲಿನ ಮಟ್ಟವೇ ಬದಲಾಗುತ್ತೆ. ಫ್ಲೇಂಜ್ ಬಗ್ಗಿದ್ದರೆ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ ಎಂಟರ ಆಕಾರದಲ್ಲಿ ಉಜ್ಜುತ್ತೇವೆ. ಬಿಗಿಯಾಗಲಿ ಅಂತ ಜನ ನಟ್ಟನ್ನು ಮೈಮೇಲೆ ಬಂದವರ ಹಾಗೆ ತಿರುಗಿಸುತ್ತಾರೆ. ಫ್ಲೇಂಜ್ ಬಗ್ಗೋದು ಅದರಿಂದಲೇ.

ಕಟ್ಟಿ ಮುಗಿಸಿ ಓಡಿಸಿದ ಮೇಲೆ ಪ್ಲಗ್ಗು ಬಿಚ್ಚಿ ನೋಡುತ್ತೇವೆ. ಅಚ್ಚು ಬೆಲ್ಲದ ಬಣ್ಣ ಬಂದಿದ್ದರೆ ಸರಿ. ಕಪ್ಪಗೆ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಕಮ್ಮಿಯಾದರೆ ಅಪಾಯ. ಇದು ಟೂ ಸ್ಟ್ರೋಕ್ ಗಾಡಿ, ಪಿಸ್ಟನ್ನಿಗೆ ಎಣ್ಣೆ ಹೋಗೋದೇ ಪೆಟ್ರೋಲ್ ಜೊತೆ ಬೆರೆತು. ಪೆಟ್ರೋಲ್ ಸೊರಗಿದರೆ ಎಣ್ಣೆಯೂ ಸೊರಗಿ, ಇಂಜಿನ್ ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತೆ. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿದರೆ ಸೂಜಿ ಮೇಲೇರುತ್ತೆ, ಪೆಟ್ರೋಲ್ ಹೆಚ್ಚುತ್ತೆ. ಆ ಒಂದು ಗೀರಿನ ಮೇಲೆ ಒಬ್ಬನ ಪ್ರಾಣ ನಿಂತಿರಬಹುದು. ಹೈವೇಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಚಕ್ರ ಗಕ್ಕನೆ ನಿಂತರೆ ಏನಾಗುತ್ತೆ, ಯೋಚಿಸಿ.

ಈ ಸಾಧನಕ್ಕೆ ಒಂದು ಚರಿತ್ರೆಯಿದೆ. 1893ರಲ್ಲಿ ಹಂಗೆರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ತುಂತುರು ಎಬ್ಬಿಸುವ ಕಾರ್ಬೊರೇಟರಿಗೆ ಪೇಟೆಂಟ್ ಮಾಡಿಸಿದರು. ಅದೇ ವರ್ಷ ಜರ್ಮನಿಯ ಮೇಬ್ಯಾಕ್ ಕೂಡ ಮಾಡಿಸಿದ. ಬಹಳ ಕಾಲ ಲೋಕದಲ್ಲಿ ಓಡಿದ ಹೆಸರು ಜರ್ಮನಿಯವನದು. ಚೊಂಕಾ ಕಮ್ಮಾರನ ಮಗ. ಡಿಗ್ರಿ ಇರಲಿಲ್ಲ. ಬುಡಾಪೆಸ್ಟಿನ ತಾಂತ್ರಿಕ ವಿಶ್ವವಿದ್ಯಾಲಯದ ವರ್ಕ್‌ಶಾಪು ನೋಡಿಕೊಳ್ಳುತ್ತಿದ್ದವನು. ಇದನ್ನು ಹೇಳಿದಾಗ ನಮ್ಮ ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಹಂಗಾದ್ರೆ ನಮ್ಮೋನೇ ಅನ್ನು" ಅಂದರು.

ನಮ್ಮವರ ದೇಹ ಕೊಟ್ಟ ಬೆಲೆಯನ್ನೂ ಹೇಳಬೇಕು. ಕಂಪ್ರೆಸರ್ ಬರುವ ಮುಂಚೆ ಜೆಟ್ಟು ಊದುತ್ತಿದ್ದದ್ದು ಬಾಯಲ್ಲಿ. ಟ್ಯಾಂಕಿನಿಂದ ಪೆಟ್ರೋಲ್ ಇಳಿಸುತ್ತಿದ್ದದ್ದು ಪೈಪನ್ನು ಬಾಯಲ್ಲಿ ಎಳೆದು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಅಲ್ಲಿಯತನಕ ಹತ್ತು ಹನ್ನೆರಡು ವರ್ಷದ ಹುಡುಗರ ಬಾಯಿಗೆ ಹೋದದ್ದು ಸೀಸ. ಯಾವ ಗ್ಯಾರೇಜಿನಲ್ಲೂ ಯಾವ ಡಾಕ್ಟರೂ ಬಂದು ನಮ್ಮ ರಕ್ತ ನೋಡಿದ್ದನ್ನು ನಾವು ಕಾಣೆವು.

ಈಗ ಹೊಸ ತಾಪತ್ರಯ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. 2025ರ ಹೊತ್ತಿಗೆ ಅದೇ ದೇಶದ ತುಂಬ ಹರಡಿತು. ಎಥನಾಲ್ ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ಬರುತ್ತೆ. ಕಬ್ಬು ಬೆಳೆದವನಿಗೆ ನಾಲ್ಕು ಕಾಸು ಸಿಕ್ಕರೆ ಬೇಡ ಅನ್ನೋಕೆ ನಾವ್ಯಾರು, ನಮ್ಮಲ್ಲಿ ಅರ್ಧ ಜನ ಮಂಡ್ಯದ ಕಡೆಯವರೇ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತೆ. ನೀರು ಹೆಚ್ಚಾದರೆ ಎಥನಾಲನ್ನೂ ಕರೆದುಕೊಂಡು ಬೌಲಿನ ತಳಕ್ಕೆ ಇಳಿಯುತ್ತೆ. ಆ ತಳದ ನೀರಿಗೆ ಎಣ್ಣೆ ಬೆರೆಯುವುದಿಲ್ಲ. ಹಳೇ ರಬ್ಬರು ಉಬ್ಬುತ್ತೆ, ಲೋಹದ ಮೈಮೇಲೆ ಬೆಳ್ಳಗೆ ಪುಡಿ ಏಳುತ್ತೆ. ಅದೇ ಜೆಟ್ಟಿನಲ್ಲಿ ಇಂಜಿನ್ ಮೊದಲಿಗಿಂತ ಸೊರಗಿ ಓಡುತ್ತೆ. ಅದಕ್ಕೇ ಈಗ ಕ್ಲಿಪ್ಪನ್ನು ಒಂದು ಗೀರು ಇಳಿಸಿ ನೋಡುತ್ತೇವೆ, ಸಾಲದಿದ್ದರೆ ಜೆಟ್ಟು ಬದಲಿಸುತ್ತೇವೆ. ಗಾಡಿ ವಾರಗಟ್ಟಲೆ ನಿಲ್ಲೋದಾದರೆ ಬೌಲು ಖಾಲಿ ಮಾಡಿ ಅಂತ ಬಂದವರಿಗೆಲ್ಲ ಹೇಳುತ್ತೇವೆ. ಕೇಳೋರು ಕಡಿಮೆ.

2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ಕಾನೂನು ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಹೊಗೆ ಕಮ್ಮಿಯಾಯ್ತು, ಒಳ್ಳೇದೇ. 2018ರಲ್ಲಿ ಜಾವಾ ಹೆಸರಿನಲ್ಲಿ ಮತ್ತೆ ಬಂದ ಗಾಡಿಯಲ್ಲೂ ಕಾರ್ಬೊರೇಟರ್ ಇಲ್ಲ. ಈಗ ಕೆಲಸಕ್ಕೆ ಬರುವ ಹುಡುಗರು ಮೊದಲು ಕೇಳೋದು ಸ್ಕ್ಯಾನರ್ ಇದೆಯಾ ಅಂತ. ಅವರ ಮೇಲೆ ತಪ್ಪು ಹೊರಿಸೋಕೆ ನಾವು ತಯಾರಿಲ್ಲ, ಅವರೂ ಬದುಕಬೇಕು.

ನಮಗೆ ಸಿಕ್ಕ ಕೈಪಿಡಿಗಳೆಲ್ಲ ಇಂಗ್ಲಿಷಿನವು. ಅದರಲ್ಲಿ ಹೊಸ ಗಾಡಿಯ ಲೆಕ್ಕವಿದೆ. ಸವೆದ ಸ್ಲೈಡು, ಬೆಸುಗೆ ಹಾಕಿದ ಫ್ಲೋಟು, ಎಥನಾಲ್ ಪೆಟ್ರೋಲು, ಇವುಗಳ ಲೆಕ್ಕವಿಲ್ಲ. ಮೇಸ್ತ್ರಿಗೆ ಈಗ ಕಣ್ಣು ಮಂಜು. ಸಂಜೆ ಟೀ ಹೊತ್ತಿನಲ್ಲಿ ಅವರು ಹೇಳುತ್ತಾರೆ, ನಾವು ಇನ್ನೂರು ಪುಟದ ನೋಟ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಯಾವ ಗಾಡಿ, ಯಾವ ಜೆಟ್ಟು, ಕ್ಲಿಪ್ಪು ಎಷ್ಟನೇ ಗೀರು, ಏರ್ ಸ್ಕ್ರೂ ಎಷ್ಟು ಸುತ್ತು, ಪ್ಲಗ್ಗಿನ ಬಣ್ಣ ಏನು. ಮೂವತ್ತೆರಡು ಪುಟ ತುಂಬಿದೆ. ಕೊನೆಯ ಕಾಲಮ್ಮಿನಲ್ಲಿ ಆ ಕೆಲಸ ಮಾಡಿದ ಹುಡುಗನ ಹೆಸರು ಬರೆಯುತ್ತೇವೆ, ಗಾಡಿಯ ಮಾಲೀಕನದಲ್ಲ.