ಓಣಿಯೂ ಸ್ಮಾರಕ, ಗೋಪುರವೂ ಸ್ಮಾರಕ

ಗೆನ್ಸೆಮಾರ್ಕ್ಟ್ ಚೌಕದಲ್ಲಿ ನಾಟಕಕಾರ ಲೆಸ್ಸಿಂಗ್ ಕಂಚಿನ ಪ್ರತಿಮೆಯಾಗಿ ಕುರ್ಚಿಯಲ್ಲಿ ಕೂತು ಹ್ಯಾಂಬರ್ಗ್‌ನ ತುಂತುರು ಮಳೆಗೆ ತೋಯುತ್ತಿದ್ದಾನೆ. ಅವನನ್ನು ದಾಟಿ ವ್ಯಾಲೆಂಟಿನ್ಸ್‌ಕಾಂಪ್ ಬೀದಿ ಹಿಡಿದರೆ ಗಾಜಿನ ಕಚೇರಿಗಳ ಸಾಲು. ನಡುವೆ ಒಂದು ಸಣ್ಣ ಕಿಂಡಿ. ಬನ್ನಿ, ನುಗ್ಗೋಣ.

ಅಬ್ಬಾ, ಬಣ್ಣವೇ ಬಣ್ಣ! ಕಪ್ಪಿಟ್ಟ ಇಟ್ಟಿಗೆಯ ಮೇಲೆ ಕೆಂಪು, ಹಳದಿ ಚಿತ್ರಗಳು, ಹರಿದ ಪೋಸ್ಟರುಗಳು, ಹಳೇ ಸೈಕಲ್ಲುಗಳು, ಮೇಲಿನ ಕಿಟಕಿಯಿಂದ ಯಾರೋ ಕಲಿಯುತ್ತಿರುವ ಗಿಟಾರು. ನಮ್ಮ ಚಿಕ್ಕಪೇಟೆಯ ಗಲ್ಲಿಯಂತೆ ಕೈಚಾಚಿದರೆ ಗೋಡೆ. ಇದು ಗೆಂಗೆಫಿಯರ್ಟೆಲ್. ಬಂದರಿನ ಕೂಲಿಗಳು, ಕುಶಲಕರ್ಮಿಗಳು ಒತ್ತೊತ್ತಾಗಿ ಬದುಕಿದ ಓಣಿಗಳಲ್ಲಿ ಉಳಿದ ಕೊನೆಯ ಚೂರು. ಸಂಗೀತಗಾರ ಬ್ರಾಮ್ಸ್ 1833ರಲ್ಲಿ ಹುಟ್ಟಿದ್ದು ಇಂಥದೇ ಓಣಿಯಲ್ಲಿ. ಆ ಮನೆ ಎರಡನೇ ಮಹಾಯುದ್ಧದ ಬಾಂಬಿಗೆ ಹೋಯಿತು.

1892ರಲ್ಲಿ ಶೋಧಿಸದ ಎಲ್ಬೆ ನದಿಯ ನೀರು ನಲ್ಲಿಗಳಲ್ಲಿ ಕಾಲರಾ ತಂದು ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಬರ್ಲಿನ್‌ನಿಂದ ಬಂದ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಈ ಓಣಿಗಳನ್ನು ಕಂಡು ದಂಗಾದ. ಆಮೇಲೆ ಸಾಲುಸಾಲಾಗಿ ಕೆಡವಿದರು. ಉಳಿದ ಹನ್ನೆರಡು ಕಟ್ಟಡಗಳೂ ಹೂಡಿಕೆದಾರರೊಬ್ಬರ ಪಾಲಾಗಿದ್ದವು. 2009ರ ಆಗಸ್ಟ್ 22ರಂದು ಅವನ್ನು ಉಳಿಸಲು ಕಲಾವಿದರು ಒಳಹೊಕ್ಕು ಕೂತರು; ಡಿಸೆಂಬರ್‌ನಲ್ಲಿ ನಗರಾಡಳಿತವೇ ಮರಳಿ ಕೊಂಡಿತು.

ಅಂಗಳದ ಬೆಂಚಿನಲ್ಲಿ ಚಹಾ ಹೀರುತ್ತಿದ್ದ ಹೆಂಗಸು ಕುಸಿದಂತಿರುವ ಒಂದು ಸೂರು ತೋರಿಸಿ, "ಇದರಲ್ಲೇನು ಚಂದ ಅಂತ ಕೇಳ್ತೀರಲ್ವಾ?" ಎಂದು ನಗುತ್ತಾಳೆ. ನಿಜ ಹೇಳಬೇಕೆಂದರೆ ಚಂದವೇನಿಲ್ಲ. ಇಲ್ಲಿನ ಸ್ಮಾರಕ ಕಾಯ್ದೆಯೂ ಬರೀ ಚಂದ ಕೇಳುವುದಿಲ್ಲ. ಇತಿಹಾಸ, ಕಲೆ, ವಿಜ್ಞಾನದ ದೃಷ್ಟಿಯಿಂದಲೋ ಊರಿನ ಚಹರೆ ಕಾಯಲಿಕ್ಕೋ ಕಟ್ಟಡ ಉಳಿಯುವುದು ಸಾರ್ವಜನಿಕರ ಹಿತಕ್ಕೆ ಬೇಕೇ ಎಂದು ನೋಡುತ್ತದೆ. 2013ರಿಂದ ಈಚೆಗೆ ಪಟ್ಟಿಗೆ ಸೇರಿಸುವ ವಿಧಿಗೂ ಕಾಯಬೇಕಿಲ್ಲ. ಅರ್ಹತೆಯಿದ್ದರೆ ಆ ಮನೆ ಸ್ಮಾರಕವೇ. ಬಡವರ ಬಚ್ಚಲು, ಕಡಿದಾದ ಮರದ ಮೆಟ್ಟಿಲು ಕೂಡ ಸಾಕ್ಷಿ ಹೇಳಬಹುದು.

ತಲೆಯೆತ್ತಿದರೆ ಮೋಡಕ್ಕೆ ತಾಗಿದ ಗಾಜಿನ ಗೋಪುರ. 1960ರ ದಶಕದಲ್ಲಿ ಯೂನಿಲಿವರ್ ಕಂಪನಿಗಾಗಿ ಇಂಥದೇ ಓಣಿಗಳನ್ನು ಅಳಿಸಿದ ನೆಲದಲ್ಲಿ ಎದ್ದದ್ದು. ತಮಾಷೆ ಎಂದರೆ ಅದೂ ಈಗ ಸಂರಕ್ಷಿತ ಸ್ಮಾರಕ! ನುಂಗಿದ್ದೂ ಉಳಿದದ್ದೂ ಅಕ್ಕಪಕ್ಕ.

ಮುಖ್ಯ ರೈಲು ನಿಲ್ದಾಣದ ಕಡೆಗೆ ಹೆಜ್ಜೆ ಹಾಕುತ್ತೇನೆ. ಅಲ್ಲಿದ್ದ ಸಿಟಿ-ಹೋಫ್‌ನ ನಾಲ್ಕು ಗೋಪುರಗಳಿಗೆ 2013ರಲ್ಲಿ ಸ್ಮಾರಕದ ಮಾನ್ಯತೆ ಸಿಕ್ಕಿತ್ತು. ಆರು ವರ್ಷಕ್ಕೆ ಅವನ್ನೂ ಕೆಡವತೊಡಗಿದರು. ಅಲ್ಲೀಗ ಹೊಚ್ಚ ಹೊಸ ಕಟ್ಟಡ.